ಎಡಗಡೆಯ ಮೂರನೇ ಬೆಂಚು

ಕಲ್ಲುಶಾಲೆ, ಕರಿಗುಡ್ಡ
ಹದಿಮೂರನೆಯ ತಿಂಗಳ ನಾಲ್ಕನೇ ದಿನ, ೨೨೦೪

ಕಲ್ಲುಚರ್ಚಿನ ಸಭಾಹಿರಿಯರಾದ ದಾನಿಯೇಲಪ್ಪನವರಿಗೆ, ಇಲ್ಲಿನ ಮುಖ್ಯೋಪಾಧ್ಯಾಯಿನಿ ಸುನೀತಿ ಹಲಗತ್ತಿಯ ವಂದನೆಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಿಮಗಿಂತ ನೂರೆಪ್ಪತ್ತು ವರ್ಷ ಮುಂದಿನ ಕಾಲದಿಂದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಈ ಕಾಗದ ಕಳಿಸುತ್ತಿದ್ದೇನೆ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದಾರೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನ್ನಿಸಬಹುದು, ಕ್ಷಮಿಸಿ.

ನಾಳೆ ನೀವು ಹಳೆಯ ಚರ್ಚನ್ನು ಶಾಲೆಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಲಿದ್ದೀರಿ. ಸಭೆಯ ಅರ್ಧ ಜನ ನಿಮ್ಮ ಮೇಲೆ ಮುನಿಸಿಕೊಂಡಿದ್ದಾರೆಂದು ಬಲ್ಲೆ. ಕಟ್ಟಡ ಗಟ್ಟಿಮುಟ್ಟಾಗಿದೆ, ಚಿಂತೆ ಬೇಡ. ಉಪದೇಶಪೀಠದ ಮೇಲೆ ನಿಂತು ನಾನು ಮಗ್ಗಿ ಹೇಳಿಸುತ್ತೇನೆ. ಕೊನೆಯ ಸಾಲಿನ ತುಂಟರಿಗೂ ಸ್ಪಷ್ಟವಾಗಿ ಕೇಳುವುದರಿಂದ ಪಾಪ, ಅವರಿಗೆ ನೆಪ ಹೇಳಲು ದಾರಿಯೇ ಇಲ್ಲ. ದೀಕ್ಷಾಸ್ನಾನದ ಕಲ್ಲುಬಟ್ಟಲಲ್ಲಿ ಮಕ್ಕಳು ಕಾಳು ನೆನೆಹಾಕಿ ಮೊಳಕೆ ನೋಡುತ್ತಾರೆ. ಇದನ್ನು ಓದಿ ನಿಮಗೆ ಕಸಿವಿಸಿಯಾದೀತು, ಆದರೆ ಕೈ ತೊಳೆಯದೆ ಯಾವ ಮಗುವೂ ಅದನ್ನು ಮುಟ್ಟುವುದಿಲ್ಲ. ಬೆಳಗಿನ ಪಾಠವೆಲ್ಲ ಬಿಸಿಲುಹಲಗೆಯ ಮೇಲೆ ನಡೆಯುತ್ತದೆ. ಅದಕ್ಕೆ ಸ್ವಂತ ಬೆಳಕಿಲ್ಲ, ಬಿಸಿಲು ಬಿದ್ದರೆ ಮಾತ್ರ ಅಕ್ಷರ ಮೂಡುತ್ತದೆ. ನಡುಹಗಲಿಗೆ ನೆರಳುರಜೆ, ಆಗ ಎಲ್ಲರೂ ತಣ್ಣನೆಯ ನೆಲದ ಮೇಲೆ ಮಲಗುತ್ತೇವೆ.

ಈಗ ನನ್ನ ತಪ್ಪಿನ ವಿಷಯ. ನಿಮ್ಮ ಪತ್ರದಲ್ಲಿ ಒಂದು ಷರತ್ತಿದೆ: ಎಡಗಡೆಯ ಕಿಟಕಿಯ ಪಕ್ಕದ ಮೂರನೇ ಬೆಂಚನ್ನು ಇದ್ದ ಹಾಗೇ ಬಿಡತಕ್ಕದ್ದು. ನಾವು ಬಿಟ್ಟೆವು. ಎಷ್ಟು ಭಕ್ತಿಯಿಂದ ಬಿಟ್ಟೆವೆಂದರೆ ನೂರೆಪ್ಪತ್ತು ವರ್ಷ ಅದರ ಮೇಲೆ ಯಾರನ್ನೂ ಕೂರಗೊಡಲಿಲ್ಲ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತೇವೆ. ಕಾರಣ ಯಾರಿಗೂ ಗೊತ್ತಿರಲಿಲ್ಲ.

ನೀಲವ್ವ ಎಂಬ ಒಂಬತ್ತು ವರ್ಷದ ಹುಡುಗಿಗೆ ದೃಷ್ಟಿ ಮಂದ. ಆ ಕಿಟಕಿಯ ಬಿಸಿಲಿನಲ್ಲಿ ಕೂರುತ್ತೇನೆಂದು ಮೂರು ಸಲ ಕೇಳಿದಳು. ನಾನು ಮೂರು ಸಲವೂ ಗದರಿ ಗೋಡೆಯ ಪಕ್ಕಕ್ಕೆ ಕಳಿಸಿದೆ. ಕಳೆದ ತಿಂಗಳು ಅವಳಪ್ಪ ಬಂದು, "ಅಕ್ಕೋರೆ, ಈಕಿ ತಲಿಗೆ ಓದು ಹತ್ತಂಗಿಲ್ರಿ, ಮನಿಗೆ ಕರಕೊಂಡ್ ಹೋಗ್ತೀನ್ರಿ" ಅಂದ. ನಾನು ತಡೆಯಲಿಲ್ಲ.

ನಿನ್ನೆ ಗೆದ್ದಲು ನೋಡಲೆಂದು ಹಿಂದೆ ಸಭಾಪಾಲಕರದಾಗಿದ್ದ ಕೋಣೆಯ ಹಳೆಯ ಪೆಟ್ಟಿಗೆ ತೆಗೆದಾಗ ನಿಮ್ಮ ಸಭೆಯ ನಡಾವಳಿ ಪುಸ್ತಕ ಸಿಕ್ಕಿತು. ನೀವಂದದ್ದನ್ನು ಯಾರೋ ಅಂದ ಹಾಗೇ ಬರೆದಿಟ್ಟಿದ್ದಾರೆ: "ಆ ಬೆಂಚ್ ಕಿತ್ತಬ್ಯಾಡ್ರಿ. ನನ್ ಹೆಂಡ್ತಿ ರೆಬೆಕ್ಕಗ ಕಣ್ಣು ಮಂಜಿತ್ತು, ಅಲ್ಲಿ ಬೆಳಕಿಗೆ ಕುಂತು ಹಾಡಿನ ಪುಸ್ತಕ ಓದ್ತಿದ್ಲು. ಇನ್ನೊಂದು ಕೂಸಿಗೂ ಬೇಕಾಗ್ತೈತಿ."

ಓದಿ ಅತ್ತೆ. ಇವತ್ತು ಬೆಳಗಾಗುತ್ತಲೇ ನೀಲವ್ವನ ಮನೆಗೆ ಓಡಿದೆ. ಬೀಗ ಹಾಕಿತ್ತು. ನೀರು ಇರುವ ಕಡೆಗೆ ಗುಳೆ ಹೊರಟವರ ಜೊತೆ ಅವರೂ ಹೋಗಿದ್ದಾರೆ, ಎಲ್ಲಿಗೆಂದು ನೆರೆಯವರಿಗೂ ತಿಳಿಯದು.

ಆದ್ದರಿಂದ ಹಿರಿಯರೇ, ನಿಮ್ಮನ್ನೇ ಬೇಡಿಕೊಳ್ಳುತ್ತಿದ್ದೇನೆ. ಸಭೆಯಲ್ಲಿ ಆಡಿದ ಆ ಮಾತನ್ನು ನಾಳೆ ಸಹಿಗೆ ಮುಂಚೆ ಷರತ್ತಿನ ಕೆಳಗೂ ಬರೆಸಿ. ನಮ್ಮಂಥವರಿಗೆ ಕಾರಣ ಹೇಳದಿದ್ದರೆ ಪೂಜೆ ಮಾಡುತ್ತಾ ಕೂರುತ್ತೇವೆ. ನೀವು ಬರೆಸಿದರೆ ಈ ಕಾಗದವನ್ನು ನಾನು ಬರೆದೇ ಇರುವುದಿಲ್ಲ. ಈ ಹೊತ್ತಿಗೆ ನೀಲವ್ವನಿಗೆ ಪಾಠ ಹೇಳುತ್ತಿರುತ್ತೇನೆ.