ಬ್ಯಾಡ್ಜಿನ ಅಂಕಿ

ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಗಳಿಗೆ,

ನಮಸ್ಕಾರ. ನಿಮ್ಮ ಎಕ್ಸ್-ರೇ ಕೋಣೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವಳ ತಾಯಿ ನಾನು. ಅವಳ ಕಡತದಲ್ಲಿ ಒಂದು ತಪ್ಪಿದೆ, ತಿದ್ದಬೇಕು.

ವಿಕಿರಣ ಮೈಯನ್ನು ಒಳಗೊಳಗೇ ತಿನ್ನುತ್ತದೆಂದು ಆ ಕೆಲಸ ನನಗೆ ಹಿಡಿಸಿರಲಿಲ್ಲ. “ಅಲ್ಲಿ ಸೀಸದ ಗೋಡೆ ಇದೆಯಮ್ಮಾ. ಬೀದೀಲಿ ಏನಿದೆ ಹೇಳು? ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡ್ತೀನಲ್ಲ, ಅಪಾಯ ಅಂದ್ರೆ ಅದು” ಎಂದು ನಗುತ್ತಿದ್ದಳು. “ಬೀದಿಯದು ಕಣ್ಣಿಗೆ ಕಾಣುತ್ತೆ ಕಣೆ” ಎನ್ನುತ್ತಿದ್ದೆ. ಮನೆಯಲ್ಲಿ ನನ್ನ ಮಾತೇ ಕೊನೆ. ಅವಳೊಬ್ಬಳು ಕೇಳಲಿಲ್ಲ.

ಕಳೆದ ವರ್ಷ ಅವಳು ಎರಡು ವಾರ ರಜೆಯಲ್ಲಿದ್ದಾಗ, ವಿಕಿರಣ ಅಳೆಯುವ ಅವಳ ಬ್ಯಾಡ್ಜನ್ನು ಮನೆಯಲ್ಲಿ ನೇತುಹಾಕಿದ್ದ ಕೋಟಿನಿಂದ ತೆಗೆದುಕೊಂಡೆ. ಸೊಂಟನೋವಿನ ನೆಪದಲ್ಲಿ ನಿಮ್ಮಲ್ಲಿಗೆ ಬಂದು ಎಕ್ಸ್-ರೇ ಮೇಜಿನಡಿ ಅಂಟಿಸಿದೆ. ಮುಂದಿನ ವಾರ ಮೊಣಕಾಲಿನ ನೆಪದಲ್ಲಿ ಬಂದು ವಾಪಸು ತಂದೆ. ಅಂಕಿ ಏರಿತು. ಬ್ಯಾಡ್ಜ್ ಕೋಟಿನಲ್ಲೇ ಇತ್ತೆಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಎಕ್ಸ್-ರೇ ಕೋಣೆಯಲ್ಲೇ ಬಿಟ್ಟುಹೋಗಿದ್ದಳೆಂದು ನೀವು “ನಿರ್ಲಕ್ಷ್ಯ” ಎಂದು ಬರೆದು, ಅವಳನ್ನು ಮನೆಮನೆಗೆ ಹೋಗಿ ರಕ್ತದ ಮಾದರಿ ತರುವ ಕೆಲಸಕ್ಕೆ ಹಾಕಿದಿರಿ. ನಾನು ಗೆದ್ದೆನೆಂದುಕೊಂಡೆ. ಅವಳಿಗೆ ಹೇಳಲಿಲ್ಲ.

ಮೂರನೇ ತಿಂಗಳು ಲಾರಿ ಬಡಿದು ಅವಳು ಹೋದದ್ದು ನಿಮಗೆ ಗೊತ್ತು. ಆಗ ಅವಳು ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಮನೆ ನಂಬರು ಹುಡುಕುತ್ತಿದ್ದಳಂತೆ.

ಆ ಪದ ಹೊಡೆದುಹಾಕಿ. ನನ್ನ ಮಗಳು ಯಾವ ಕೆಲಸದಲ್ಲೂ ನಿರ್ಲಕ್ಷ್ಯ ಮಾಡಿದವಳಲ್ಲ. ಕಾರಣ ಬರೆಯುವಲ್ಲಿ “ತಾಯಿ” ಎಂದು ಬರೆಯಿರಿ. ಸಮಾಧಾನದ ಮಾತು ಬೇಡ, ತಿದ್ದಿದ ಪುಟದ ನಕಲು ಕಳಿಸಿದರೆ ಸಾಕು.

ಇಂತಿ,
ಅವಳ ತಾಯಿ