ಚುಕ್ಕಿ ನೋಡಿ ಬಾರಿಸಿದ ಭಾವನಿಗೆ

ನಾಲ್ಕು ಬೇಸ್ ಗಿಟಾರು, ಏಳು ಪೆಡಲು, ಎರಡು ಆಂಪ್ಲಿಫಯರುಗಳ ಏಕಚ್ಛತ್ರಾಧಿಪತಿಗಳಾದ ಭಾವನವರ ಸನ್ನಿಧಾನಕ್ಕೆ,

ನಿಮ್ಮ ಚೀಟಿ ತಲುಪಿತು. ನಿಮ್ಮ ಕನ್ನಡಕದಂಗಡಿಯ ಹೆಸರು ಅಚ್ಚಾದ ಹಾಳೆ. ಎಡಗಣ್ಣು, ಬಲಗಣ್ಣು ಎಂದು ನಂಬರು ಬರೆಯುವ ಎರಡು ಮನೆಗಳ ನಡುವೆ ನಿಮ್ಮ ದುಂಡು ಅಕ್ಷರ. ನಾನು ಎದ್ದು ನಿಂತು, ಎದೆ ಸೆಟೆಸಿ, ಎದುರು ಗೋಡೆಯೇ ಪ್ರೇಕ್ಷಕರೆಂದು ಬಗೆದು ಗಟ್ಟಿಯಾಗಿ ಓದಿದೆ: "ಮಹರಾಯ, ಕರೀ ಬೇಸ್‌ಗೆ ತಂತಿ ಬದಲಾಯಿಸ್ಬೇಕು. ಚಪ್ಪಟೆ ಸುತ್ತಿನದು ಹಾಕಿಸ್ಲಾ, ಉರುಟು ಸುತ್ತಿನದಾ? ಜೊತೆಗೆ ಒಂದು ಒಳ್ಳೇ ಪ್ರೀಆಂಪು ಹೇಳು. ನಿನ್ನ ಕಿವಿ ಚೆನ್ನಾಗಿದೆ ಅಂತ ಕೇಳ್ತಿದೀನಿ."

ನನ್ನ ಕಿವಿ ಚೆನ್ನಾಗಿದೆಯಂತೆ! ಭಾವ, ಈ ಒಂದು ಮಾತಿಗೆ ನಾನು ನಕ್ಕ ನಗೆಯನ್ನು ನಾಟಕ ಮಂಡಳಿಯಲ್ಲಿ ಖಳನಾಯಕನಾಗಿ ಮೆರೆದ ನಮ್ಮಪ್ಪ ಕೇಳಿದ್ದರೆ, ಆ ಪಾತ್ರವನ್ನು ಅಂದೇ ನನಗೆ ಬಿಟ್ಟುಕೊಡುತ್ತಿದ್ದರು. ನಗು ಮುಗಿದ ಮೇಲೆ ಕಾಗದ ತೆಗೆದುಕೊಂಡು ಕುಳಿತಿದ್ದೇನೆ. ನಿಮಗೆ ಸಲಹೆ ಬೇಕು ತಾನೆ? ಕೊಡುತ್ತೇನೆ. ಮೊದಲು ಕಥೆ ಕೇಳಿ. ಕಥೆಯಲ್ಲಿ ನೀವೂ ಇದ್ದೀರಿ, ಕಿರೀಟ ಸಮೇತ.

ನಿನ್ನೆ ನಾನು ಅಂಟಿನಜ್ಜನ ಅಂಗಡಿಗೆ ಹೋಗಿದ್ದೆ. ವಾದ್ಯ ದುರಸ್ತಿಯ ಮುದುಕ. ನಲವತ್ತು ವರ್ಷ ಮರಕ್ಕೆ ಅಂಟು ಹಚ್ಚಿ ಬೆರಳ ತುದಿಯ ಗೆರೆಗಳೇ ಮುಚ್ಚಿಹೋದವನು. ನನ್ನ ಹಾರ್ಮೋನಿಯಂನ ತಿದಿ ಸೋರುತ್ತಿತ್ತು, ಅದನ್ನು ಕೊಡಲು ಹೋದೆ. ಗೋಡೆಯ ಮೊಳೆಯಲ್ಲಿ ನಿಮ್ಮ ಕರಿಯ ಬೇಸ್ ಕತ್ತಿನಿಂದ ನೇತಾಡುತ್ತಿತ್ತು. ಕನ್ನಡಕದ ಕಾಲಿಗೆ ಕಟ್ಟುವ ಪುಟ್ಟ ಚೀಟಿ, ಅದರ ಮೇಲೆ ನಿಮ್ಮ ಹೆಸರು. "ಇದು ನಮ್ಮ ಭಾವಂದಲ್ವಾ?" ಎಂದೆ. ಅಜ್ಜ ತಲೆಯೆತ್ತದೆ ಹೇಳಿದ: "ಹೂಂ, ತಂತಿ ಬದಲಿಸೋಕೆ ಬಂದಿದೆ. ಯಾವ್ದು ಅಂತ ಇನ್ನೂ ಹೇಳಿಲ್ಲ. ಮುಂಚೆ ಒಂದ್ಸಲ ತಂದಿದ್ರಲ್ಲ, ಕತ್ತಿನಂಚಿನ ಚುಕ್ಕಿ ಸರಿಮಾಡ್ಸೋಕೆ. ಆಟ ಆಗಿ ಎರಡೇ ದಿನಕ್ಕೆ ಓಡ್ಬಂದಿದ್ರು. ಯಾರಿಗೂ ಹೇಳ್ಬೇಡಿ ಅಂದಿದ್ರು. ನೀವು ಮನೇವ್ರು, ನಿಮ್ಗೇನು!"

ಮನೆಯವರು! ಹೌದು ಅಜ್ಜಾ, ನಾವು ಮನೆಯವರು.

ನಿಮ್ಮ ವಾದ್ಯವನ್ನು ನಿಮಗೇ ಪರಿಚಯಿಸಬೇಕಾಗಿ ಬಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಏಕೆಂದರೆ ನಿಮಗೆ ಪರಿಚಯವಿಲ್ಲ. ಸಾಮಾನ್ಯ ಬೇಸ್ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಫ್ರೆಟ್ಟು ಎಂಬ ಲೋಹದ ಮೆಟ್ಟಿಲುಗಳಿರುತ್ತವೆ. ಎರಡು ಮೆಟ್ಟಿಲ ನಡುವೆ ಎಲ್ಲಿ ಒತ್ತಿದರೂ ಸ್ವರ ಸರಿಯಾಗಿಯೇ ಬರುತ್ತದೆ. ಕುರುಡನನ್ನೂ ದಡ ಮುಟ್ಟಿಸುವ ದೋಣಿ ಅದು. ನಿಮಗೆ ಅದು ಸಾಲದಾಯಿತು. ಫ್ರೆಟ್ಟೇ ಇಲ್ಲದ ಬೇಸ್ ಬೇಕು, ಸ್ವರ ಅಳುವಂತೆ ಜಾರಬೇಕು! ಸರಿ, ತಪ್ಪಿಲ್ಲ. ಆದರೆ ಅಲ್ಲಿ ಮೆಟ್ಟಿಲಿಲ್ಲ ಭಾವ, ಇಳಿಜಾರು. ಬೆರಳು ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿ ಒಂದೇ. ನೀವು ಊರಿಗೆಲ್ಲ ಕಣ್ಣು ಕೊಡುವವರು. ಕಿವಿಯ ಕೆಲಸವನ್ನೂ ಕಣ್ಣಿಗೇ ಒಪ್ಪಿಸಿದಿರಿ.

ನಿಮ್ಮ ಮೊದಲ ವಾದ್ಯದಲ್ಲಿ ಫ್ರೆಟ್ಟಿನ ಜಾಗದಲ್ಲಿ ಬಿಳಿ ಗೆರೆಗಳಿದ್ದವು, ಕತ್ತಿನ ಅಂಚಿನಲ್ಲಿ ಗೆರೆಗೆ ನೇರವಾಗಿ ಚುಕ್ಕಿಗಳಿದ್ದವು. ಬೆರಳನ್ನು ಚುಕ್ಕಿಗೆ ಇಟ್ಟರೆ ಸ್ವರ ಸರಿ. ಎರಡು ವರ್ಷ ಹಾಗೇ ಬಾರಿಸಿದಿರಿ. ನನಗೂ ಏನೂ ತಿಳಿಯಲಿಲ್ಲ. "ಭಾವ ಪರವಾಗಿಲ್ಲ, ಸ್ವರಶುದ್ಧಿ ಇದೆ" ಎಂದು ಅಕ್ಕನ ಮುಂದೆ ಹೊಗಳಿದ್ದೆ ಕೂಡ. ಆ ಹೊಗಳಿಕೆಯನ್ನು ಈ ಪತ್ರದ ಮೂಲಕ, ಬಡ್ಡಿ ಬಿಟ್ಟು, ವಾಪಸು ಪಡೆಯುತ್ತಿದ್ದೇನೆ.

ಆಮೇಲೆ ಬಂತಲ್ಲ, ಕರಿಯ ಸುಂದರಿ! ಗೆರೆ ಕಾಣುವ ವಾದ್ಯ ಕಲಿಯುವವರದು, ಕಲಿತವರದು ನುಣ್ಣಗಿರಬೇಕು ಎಂದು ಯಾರೋ ಹೇಳಿದರಂತೆ. ಯಾವನೋ ಒಬ್ಬ ತನ್ನ ಸಾಮಾನ್ಯ ಬೇಸ್‌ನ ಫ್ರೆಟ್ಟು ಕಿತ್ತು, ಸೀಳು ತುಂಬಿ, ಮೇಲೆ ಕರಿ ಮೆರುಗೆಣ್ಣೆ ಬಳಿದು ಮಾರಿದ್ದನ್ನು ನೀವು ಹೊತ್ತು ತಂದಿರಿ. ಹೊಳಪು ನೋಡಿದಿರಿ, ಮುಖ ನೋಡಿಕೊಂಡಿರಿ. ಅಂಚಿನ ಚುಕ್ಕಿ ಯಾರದೆಂದು ಮಾತ್ರ ಕೇಳಲಿಲ್ಲ. ಫ್ರೆಟ್ಟಿದ್ದ ಕಾಲದ ಚುಕ್ಕಿ ಅದು. ಎರಡು ಫ್ರೆಟ್ಟುಗಳ ನಟ್ಟನಡುವೆ ಕೂತಿತ್ತು; ಸ್ವರ ಹುಟ್ಟುತ್ತಿದ್ದದ್ದು ಮಾತ್ರ ಮುಂದಿನ ಫ್ರೆಟ್ಟಿನ ಮೇಲೆ. ಫ್ರೆಟ್ಟು ಹೋಯಿತು, ಚುಕ್ಕಿ ಅಲ್ಲೇ ಉಳಿಯಿತು. ಅದನ್ನು ನಂಬಿ ಬೆರಳಿಟ್ಟವನ ಪ್ರತಿ ಸ್ವರವೂ ಅರ್ಧ ಮೆಟ್ಟಿಲು ಕೆಳಗೆ ಬೀಳುತ್ತದೆ. ಒಂದು ಸ್ವರವಲ್ಲ, ಎರಡಲ್ಲ. ಪ್ರತಿ ಸ್ವರ!

ಈಗ ಪರದೆ ಏಳಲಿ.

ಐದು ತಿಂಗಳ ಹಿಂದಿನ ಒಂದು ಭಾನುವಾರ, ಮಧ್ಯಾಹ್ನದ ಆಟ. ಗಂಟಲಿನ ಗಂಟು ತೆಗೆಸಿಕೊಂಡು ಹದಿನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದ ನಮ್ಮಕ್ಕ, ನಿಮ್ಮ ಹೆಂಡತಿ, ಮತ್ತೆ ರಂಗದ ಮೇಲೆ. ಸೆರೆಮನೆಯ ರಾಣಿ. ಮೊದಲ ಚರಣಕ್ಕೆ ಅವಳ ದನಿ, ನಿಮ್ಮ ಬೇಸ್, ಮತ್ತೇನೂ ಇಲ್ಲ. ಎರಡನೆಯದಕ್ಕೆ ನನ್ನ ಹಾರ್ಮೋನಿಯಂ. ಹಾಗೆ ಕೂಡಿಸಿದ್ದು ನಾನೇ. "ಅವರು ಕೆಳಗಿದ್ರೆ ನಂಗೆ ಧೈರ್ಯ ಕಣೋ, ನೆಲ ಇದ್ದ ಹಾಗೆ" ಎಂದಿದ್ದಳು ಅವಳು. ಗೆರೆಯ ವಾದ್ಯದಲ್ಲಿ ಆರು ವಾರ ತಾಲೀಮು ನಡೆಸಿದ ಮಹಾನುಭಾವರು, ಆಟದ ದಿನ ಸುಂದರಿಯನ್ನು ಹೆಗಲಿಗೇರಿಸಿಕೊಂಡು ಬಂದಿರಿ. "ಭಾವ, ಇವತ್ತು ಬೇಡ, ಹಳೇದೇ ಇರ್ಲಿ" ಎಂದೆ. "ಶ್ರುತಿ ಅಳೆಯೋ ಡಬ್ಬಿ ನೋಡೋ, ನಾಲ್ಕಕ್ಕೆ ನಾಲ್ಕೂ ಹಸಿರು ದೀಪ!" ಎಂದಿರಿ. ಹೌದು, ಬೆರಳೊತ್ತದೆ ಬಿಟ್ಟ ತಂತಿ ನಾಲ್ಕೂ ಸರಿಯಾಗಿದ್ದವು. ಆದರೆ ಬಿಟ್ಟ ತಂತಿ ಮೀಟುವುದು ನಿಮ್ಮ ಘನತೆಗೆ ಕಡಿಮೆ. "ಅದು ಎಳೆಯರ ಆಟ" ಎಂದು ನೀವೇ ಒಮ್ಮೆ ಉಪದೇಶಿಸಿದ್ದು ನನಗೆ ನೆನಪಿದೆ. ಒಂದೇ ಒಂದು ಬಿಟ್ಟ ತಂತಿ ಮೀಟಿದ್ದರೂ ಪಕ್ಕದ ಸ್ವರ ಕಳ್ಳನೆಂದು ಗೊತ್ತಾಗುತ್ತಿತ್ತಲ್ಲ ಭಾವ!

ನೀವು ಮೊದಲ ಸ್ವರ ಕೊಟ್ಟಿರಿ. ಅಕ್ಕ ಅದನ್ನೇ ಹಿಡಿದಳು. ಎಂಥ ಹಿಡಿತ! ನೀವು ಎಲ್ಲಿ ಬಿದ್ದಿರೋ ಅಲ್ಲೇ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲದೆ, ಚರಣದುದ್ದಕ್ಕೂ ನಿಮ್ಮ ಜೊತೆ ನಡೆದಳು. ಇಬ್ಬರೇ ಇದ್ದಿರಿ, ಇಬ್ಬರೂ ಕೂಡಿಯೇ ತಪ್ಪಿದ್ದಿರಿ; ಯಾರಿಗೂ ಗೊತ್ತಾಗಲಿಲ್ಲ. ಮೂರನೇ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿದೆ. ಎರಡನೇ ಚರಣಕ್ಕೆ ನಾನು ಹಾರ್ಮೋನಿಯಂನ ಮನೆ ಒತ್ತಿದೆ.

ಅಯ್ಯೋ, ಆ ಕ್ಷಣ! ಸೀಳಿದ ತಗಡನ್ನು ಕಲ್ಲಿನ ಮೇಲೆ ಎಳೆದಂತೆ. ನೀವೇನು ಮಾಡಿದಿರಿ? ತಂತಿಯಿಂದ ಕೈ ತೆಗೆದಿರಿ. ನೆಲ ಇರುತ್ತೇನೆಂದ ಪುಣ್ಯಾತ್ಮರು ನೆಲವನ್ನೇ ಎಳೆದುಕೊಂಡಿರಿ. ಉಳಿದದ್ದು ನನ್ನ ಹಾರ್ಮೋನಿಯಂ, ಅದರ ಕೆಳಗೆ ಒಂಟಿಯಾಗಿ ನೇತಾಡುವ ಅಕ್ಕನ ದನಿ. ಹಿಂದಿನ ಸಾಲಿನಿಂದ ಒಂದು ನಗು ಬಂತು. ನಗುವೂ ಕೆಮ್ಮಿನ ಹಾಗೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಅಕ್ಕ ನಡುಗಿ ಮೇಲಕ್ಕೇರಲು ನೋಡಿದಳು, ಗಂಟಲು ಒಡೆಯಿತು, ರಾಣಿ ಬೆನ್ನು ತಿರುಗಿಸಿ ನಿಂತಳು.

ಬಣ್ಣದ ಕೋಣೆಯಲ್ಲಿ ನೀವು ಅವಳ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಆಡಿದ ಮಾತು: "ಪಾಪ, ಆಪರೇಷನ್ ಆದ ಗಂಟಲು. ಯಾರೂ ಏನೂ ಅನ್ಬೇಡಿ." ಕುಣಿಯಲಾರದವಳು ನೆಲ ಡೊಂಕೆಂದಳಂತೆ, ನೀವು ಅವಳಿಗಿಂತ ಒಂದು ಹೆಜ್ಜೆ ಮುಂದೆ, ಜೊತೆಗೆ ಕುಣಿದವಳ ಕಾಲೇ ಡೊಂಕೆಂದಿರಿ.

ಆ ಘಳಿಗೆಯಲ್ಲಿ ನಿಮಗೆ ಗೊತ್ತಿರಲಿಲ್ಲ ಎಂದುಕೊಳ್ಳೋಣ. ದಡ್ಡತನವನ್ನು ನಾನು ಕ್ಷಮಿಸಬಲ್ಲೆ. ನಮ್ಮ ಮಂಡಳಿಯಲ್ಲಿ ಅದಿಲ್ಲದೆ ಒಂದು ಆಟವೂ ನಡೆದಿಲ್ಲ. ಆದರೆ ಮಂಗಳವಾರಕ್ಕೆ ಗೊತ್ತಾಗಿತ್ತಲ್ಲ! ಅಂದು ಅಜ್ಜನಲ್ಲಿಗೆ ಓಡಿ ಹಳೆಯ ಚುಕ್ಕಿ ಮುಚ್ಚಿಸಿ, ಸರಿಯಾದ ಜಾಗಕ್ಕೆ ಹೊಸದು ಕೂರಿಸಿ, ಮನೆಗೆ ಬಂದು, ಊಟಕ್ಕೆ ಕುಳಿತು, ಎದುರಿಗೆ ಬಡಿಸುತ್ತಿದ್ದವಳ ಮುಖ ನೋಡಿ ಸುಮ್ಮನಿದ್ದಿರಿ. ಐದು ತಿಂಗಳು! ವಾದ್ಯದ ಸುಳ್ಳನ್ನು ಎರಡು ದಿನದಲ್ಲಿ ತಿದ್ದಿಸಿದವರಿಗೆ ಬಾಯಿಯ ಸುಳ್ಳು ತಿದ್ದಲು ಬಿಡುವಾಗಲಿಲ್ಲ. ಬೆಕ್ಕಾದರೂ ಹಾಲು ಕುಡಿಯುವಾಗ ಕಣ್ಣು ಮುಚ್ಚುತ್ತದೆ, ನಾಚಿಕೆಗಾದರೂ ಇರಬೇಕು. ನೀವು ತೆರೆದ ಕಣ್ಣಿನವರು.

ಅಕ್ಕ ಈಗ ಹೇಗಿದ್ದಾಳೆಂದು ನಾನು ಹೇಳಲೆ, ಒಂದೇ ಸೂರಿನಡಿ ಇರುವ ನಿಮಗೆ? ಬಟ್ಟೆ ಮಡಚುವಾಗ ಗುನುಗುತ್ತಿದ್ದವಳು ಈಗ ಮಡಿಕೆ ಎಣಿಸುತ್ತಾಳೆ. ರೇಡಿಯೋದಲ್ಲಿ ಹಾಡು ಬಂದರೆ ಎದ್ದುಹೋಗಿ ಕಿರುಗುಟ್ಟುವ ನಲ್ಲಿ ತಿರುಗಿಸುತ್ತಾಳೆ. ಬರುವ ಸೋಮವಾರ ಶುರುವಾಗುವ ತಾಲೀಮಿಗೆ ಆ ಹಾಡನ್ನು ಬೇರೆ ಹುಡುಗಿಗೆ ಕೊಡಿ ಎಂದು ಮಂಡಳಿಯ ಯಜಮಾನರಿಗೆ ಹೇಳಿ ಕಳಿಸಿದ್ದಾಳೆ. "ಗಂಟಲು ಮೋಸ ಮಾಡ್ತು ಕಣೋ. ಒಳಗೆ ಸರಿಯಾಗೇ ಕೇಳುತ್ತೆ, ಹೊರಗೆ ಬೇರೆ ಬರುತ್ತೆ" ಎಂದಳು ನನ್ನ ಬಳಿ. ತನ್ನ ಕಿವಿಯನ್ನೇ ನಂಬದ ಹಾಡುಗಾರ್ತಿ!

ಇಲ್ಲಿ ನಾನೂ ಒಂದು ಹೆಜ್ಜೆ ಮುಂದೆ ಬಂದು ದೀಪದಡಿ ನಿಲ್ಲಬೇಕು. ಅಂದು ಅವಳು ನನ್ನನ್ನು ಕೇಳಿದ್ದಳು: "ನಿಜ ಹೇಳು, ನಾನೇ ಇಳಿದ್ನಾ?" ನನ್ನ ಕಿವಿ ಚೆನ್ನಾಗಿದೆಯಲ್ಲ, ಊರೆಲ್ಲ ಹೇಳುತ್ತದಲ್ಲ! ನಾನು ನ್ಯಾಯಾಧೀಶನ ಗತ್ತಿನಲ್ಲಿ ಹೇಳಿದೆ: "ಒಂದು ಕೂದಲೆಳೆ ಇಳೀತಕ್ಕಾ, ಅಷ್ಟೇ." ಅವಳ ಅನುಮಾನವನ್ನು ನೀವು ಕೆತ್ತಿದಿರಿ, ಮೊಳೆ ಹೊಡೆದವನು ನಾನು. ಅವಳು ನಿಮ್ಮ ಮಾತು ನಂಬಲಿಲ್ಲ ಭಾವ, ಅಷ್ಟು ದಡ್ಡಳಲ್ಲ. ನನ್ನದನ್ನು ನಂಬಿದಳು. ಆದ್ದರಿಂದ ಈ ಪತ್ರದಲ್ಲಿ ಉಗುಳಿದ್ದರಲ್ಲಿ ಕಾಲುಭಾಗ ನನ್ನ ಮೇಲೂ ಬಿದ್ದಿದೆ. ಒರೆಸಿಕೊಂಡಿಲ್ಲ.

ನಿನ್ನೆ ಅಜ್ಜನ ಅಂಗಡಿಯಲ್ಲಿ ಆ ಬೇಸ್ ಇಳಿಸಿಕೊಂಡೆ. ಅಂಚನ್ನು ಬೆಳಕಿಗೆ ಹಿಡಿದರೆ ಮುಚ್ಚಿದ ಚುಕ್ಕಿಯ ಕಲೆ ಇನ್ನೂ ಕಾಣುತ್ತದೆ. ಅಲ್ಲಿ ಬೆರಳಿಟ್ಟು ಅವಳ ಹಾಡಿನ ಮೊದಲ ಸ್ವರ ಮೀಟಿದೆ. ಅದೇ! ಅಂದು ತಗಡಿನಂತೆ ಸೀಳಿದ್ದು ಅದೇ ಸ್ವರ. ಅಜ್ಜನ ಬಡಕಲು ಸ್ಟೂಲಿನ ಮೇಲೆ ಕುಳಿತು ಪಕ್ಕದ ಬಿಟ್ಟ ತಂತಿಯ ಜೊತೆ ಮತ್ತೆ ಮತ್ತೆ ಮೀಟಿದೆ. "ಸಾಕು ಬಿಡಿ, ಹಲ್ಲು ಜುಂ ಅನ್ನುತ್ತೆ" ಎಂದ ಅಜ್ಜ. ಅಕ್ಕ ಆ ಹಲ್ಲು ಜುಂ ಎನ್ನುವ ಸ್ವರಕ್ಕೆ ದನಿ ಕೂಡಿಸಿ, ಒಂದು ಇಡೀ ಚರಣ ಜನರನ್ನು ಅಳಿಸಿದ್ದಳು. ಅವಳ ಗಂಟಲಿಗೆ ಏನೂ ಆಗಿಲ್ಲ ಭಾವ. ಏನೇನೂ ಆಗಿಲ್ಲ.

ಆದ್ದರಿಂದ ನನ್ನ ಸಲಹೆ. ಪ್ರೀಆಂಪು ಕೊಳ್ಳಬೇಡಿ, ದನಿಗೆ ಬಣ್ಣ ಹಚ್ಚುವ ಡಬ್ಬಿ ಅದು, ಬಣ್ಣ ನಿಮ್ಮ ಮುಖಕ್ಕೆ ಈಗಾಗಲೇ ಸಾಕಷ್ಟಿದೆ. ಬೇಸ್ ಮನೆಗೆ ತನ್ನಿ. ಯಾವ ವೈರನ್ನೂ ಕರೆಂಟಿಗೆ ಸಿಕ್ಕಿಸಬೇಡಿ. ಅವಳು ಬಟ್ಟೆ ಮಡಚುವಲ್ಲಿ, ನೆಲದ ಮೇಲೆ, ಅವಳಿಗಿಂತ ತಗ್ಗಿನಲ್ಲಿ ಕುಳಿತು ಬಿಟ್ಟ ತಂತಿ ಮೀಟಿ. ಎಳೆಯರ ಆಟವೇ ಇರಲಿ, ಮೀಟಿ. ಅವಳು ದನಿ ಕೂಡಿಸುವವರೆಗೆ ಮೀಟುತ್ತಿರಿ. ಕೂಡಿದ ಮೇಲೆ ಆ ಕಲೆಯ ಮೇಲೆ ಬೆರಳಿಟ್ಟು ಒಮ್ಮೆ ಬಾರಿಸಿ, "ಅವತ್ತು ನಾನು ಇಲ್ಲಿ ಒತ್ತಿದ್ದೆ" ಎನ್ನಿ. ಅಷ್ಟು ಸಾಕು. ಮಿಕ್ಕದ್ದು ಅವಳ ಕಿವಿಗೆ ತಿಳಿಯುತ್ತದೆ. ಆಮೇಲೆ ಅವಳು ಏನು ಎಸೆದರೂ ತಪ್ಪಿಸಿಕೊಳ್ಳಬೇಡಿ.

ಹಾಡು ಸೋಮವಾರದವರೆಗೆ ಅವಳದೇ, ಬೇರೆ ಯಾರಿಗೂ ಮಾತು ಕೊಡಬೇಡಿ ಎಂದು ಯಜಮಾನರಿಗೆ ಹೇಳಿಬಂದಿದ್ದೇನೆ. ಈ ಭಾನುವಾರ ನಾಲ್ಕು ಗಂಟೆಗೆ ನನ್ನ ಕೂದಲೆಳೆಯ ಕ್ಷಮೆ ಕೇಳಲು ಬರುತ್ತೇನೆ. ಗೇಟು ತೆಗೆಯುವಾಗ ಒಳಗೆ ಗುನುಗು ಕೇಳಿದರೆ, ನೀವು ಗಂಡಸೆಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬರುತ್ತೇನೆ. ಕೇಳದಿದ್ದರೆ ಅಂಗಳದಲ್ಲೇ ನಿಂತು, ಕೊನೆಯ ಸಾಲಿಗೂ ಮುಟ್ಟುವ ದನಿಯಲ್ಲಿ, ಇದನ್ನೆಲ್ಲ ನಾನೇ ಹೇಳುತ್ತೇನೆ. ನಮ್ಮ ವಂಶದ ಗಂಟಲು ಎಂಥದೆಂದು ನಿಮಗೆ ಗೊತ್ತು.

ನಿಮ್ಮ ಕಣ್ಣು ನೂರು ವರ್ಷ ಹೀಗೇ ಚುರುಕಾಗಿರಲಿ. ಕಿವಿ ಭಾನುವಾರದೊಳಗೆ ಹುಟ್ಟಲಿ.

ಇಂತಿ,
ಕೇಳಿಯೂ ಕೇಳದೆ ತೀರ್ಪು ಕೊಟ್ಟ
ನಿಮ್ಮ ಭಾವಮೈದುನ

ತಂತಿಯ ವಿಷಯ ಮರೆತಿದ್ದೆ. ಚಪ್ಪಟೆ ಸುತ್ತಿನದನ್ನೇ ಹಾಕಲು ಅಜ್ಜನಿಗೆ ಹೇಳಿದ್ದೇನೆ. ಅದರ ದನಿ ಮೆತ್ತಗೆ, ಹಾಡುವವರನ್ನು ಮೀರುವುದಿಲ್ಲ. ಅಕ್ಕನಿಗೆ ಅದೇ ಒಪ್ಪುತ್ತದೆ.