ವಲಾಂಡಿಯ ಟಂಕ

3 ನವೆಂಬರ್ 2024, ಭಾನುವಾರ

ನನ್ನ ನಾಣ್ಯದ ಡಬ್ಬಿಗೆ ಏನಾದರೂ ಸಿಕ್ಕೀತೆಂದು ನಿಲಂಗಾಕ್ಕೆ ಬೈಕಿನಲ್ಲಿ ಹೋಗಿಬಂದೆ. ಎಂದಿನ ಹಳೆ ಸಾಮಾನಿನವ, ಎಂದಿನ ಗೋಣಿಚೀಲ, ಎಂದಿನ 'ರಾಜರ ಕಾಲದ' ನಾಣ್ಯಗಳು. ಎಲ್ಲ ಹೋದ ವರ್ಷ ಎರಕ ಹೊಯ್ದವು. ಲೆನ್ಸ್ ಹಿಡಿದರೆ ಮೈತುಂಬ ಸಣ್ಣ ಗುಳ್ಳೆ. ಕಲ್ಲಿಗೆ ಬಡಿದರೆ ತಗಡಿನ ಸದ್ದು.

ಮೇಲೆ ಬೆಳ್ಳಿಯ ನೀರು,
ಒಳಗಿದ್ದವರು ಬೇರೆ ಯಾರು?

"ಏನ್ ತಂದ್ರಿ?" ತ್ರಿವೇಣಿ ಕೇಳಿದಳು.

"ಧೂಳು."

"ಅದು ಮನ್ಯಾಗೂ ಅದರೀ. ಅಷ್ಟ್ ದೂರ ಯಾಕ ಹೋಗಿದ್ರಿ?"

ಮದುವೆಯಾಗಿ ಇಷ್ಟು ವರ್ಷವಾಯಿತು. ಕೊನೆಯ ಮಾತು ಇನ್ನೂ ಹೆಂಡತಿಯದೇ.

12 ನವೆಂಬರ್, ಸಂಜೆ

ತ್ರಿವೇಣಿಯ ದೊಡ್ಡಪ್ಪನ ಮಗ ಕಲ್ಯಾಣಪ್ಪ ವಲಾಂಡಿಯಿಂದ ನನ್ನ ಬೀಜ-ಗೊಬ್ಬರದ ಅಂಗಡಿಗೇ ಬಂದ. ಗೊಬ್ಬರಕ್ಕೆ ಬಂದನೆಂದುಕೊಂಡೆ. ಅಲ್ಲ.

"ಮಗಳಿಗಿ ಲಿಂಗಧಾರಣಾ ಅದ ಮಾವಾ. ಲಿಂಗ ಇಡ್ಲಿಕ್ಕ ಬೆಳ್ಳಿ ಕರಡಿಗಿ ಮಾಡಿಸ್ಬೇಕು. ದೇವರ ಜಗಲಿ ಮ್ಯಾಲ ಒಂದು ಹಳೀ ರೂಪಾಯಿ ಅದ, ಅದನ್ನೇ ಕರಗಿಸೋದು. ಉದಗೀರದ ಸೋನಾರ, ಖರೆ ಚಾಂದಿ ಹೌದೋ ಅಲ್ಲೋ ಅರ ಹಚ್ಚಿ ತಿಕ್ಕಿ ನೋಡ್ತೀನಿ ಅಂದ. ಅವ್ವ ಹಚ್ಚಗೊಡವಲ್ಲಳು. ನೀವು ಅರ ಹಚ್ಚದೇ ಹೇಳ್ತೀರಂತಲ್ಲ?"

"ಪ್ಯಾಟಿ ಬೆಳ್ಳಿ ತಗೊಂಡ್ರ ಮುಗೀತಲ್ಲೋ."

"ನಮ್ಮ ಮನ್ಯಾಗ ಹಿರೇರ ಕೈ ತಾಕಿದ ಬೆಳ್ಳಿನೇ ಲಿಂಗಕ್ಕ ಮುಟ್ಟಬೇಕು ಮಾವಾ. ನಂದೂ ಹಂಗೇ ಮಾಡ್ಯಾರ, ನಮ್ಮಪ್ಪಂದೂ ಹಂಗೇ. ಈಗ ಉಳಿದಿದ್ದು ಇದೊಂದೇ."

ಅಕ್ಕಸಾಲಿಗನ ಅರ ತಾಕಬಾರದು, ಬೆಂಕಿ ತಾಕಿದರೆ ಪರವಾಗಿಲ್ಲ. ಯಾವ ಶಾಸ್ತ್ರವೋ... ಕೇಳಲಿಲ್ಲ. ನಿಜಾಮನ ಕಾಲದ ರೂಪಾಯಿ ಇರಬೇಕು. ನೋಡಿ ಬಂದರಾಯಿತು.

17 ನವೆಂಬರ್, ಭಾನುವಾರ

ನಿಜಾಮನದಲ್ಲ.

ಕಲ್ಯಾಣಪ್ಪನ ತಾಯಿ ಗಿರಿಜಾಬಾಯಿ ಅತ್ತೆ ಜಗಲಿಯಿಂದ ಎತ್ತಿ ಅಂಗೈಗಿಟ್ಟರು. ವಿಭೂತಿ, ಎಣ್ಣೆ, ದೀಪದ ಹೊಗೆ ಸೇರಿ ಕರ್ರಗಾಗಿದೆ. ರೂಪಾಯಿಗಿಂತ ದಪ್ಪ. ಚಹಾ ಬೇಡವೆಂದೆ.

ತೂಗಿದೆ. ದಾರ ಕಟ್ಟಿ ನೀರಿನ ಲೋಟದಲ್ಲಿ ಇಳಿಬಿಟ್ಟು ಮತ್ತೆ ತೂಗಿದೆ. ಅಪ್ಪಟ ಬೆಳ್ಳಿ. ಬೆರಳ ತುದಿಯಲ್ಲಿಟ್ಟು ಮೆಲ್ಲಗೆ ತಟ್ಟಿದೆ — ಸದ್ದು ಹೊರಟಿತು, ಹೋಗುತ್ತಲೇ ಇತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

ಲೆನ್ಸ್ ಹಿಡಿದೆ. ಒಂದೂ ಗುಳ್ಳೆಯಿಲ್ಲ. ಬಹಮನಿ ಸುಲ್ತಾನರ ಬೆಳ್ಳಿ ಟಂಕ. ಆ ಕಾಲದಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅಂಚಿನ ಬರಹ ಅರ್ಧ ಹೊರಗೇ ಬೀಳುತ್ತಿತ್ತು. ನಾನು ಕೈಯಲ್ಲಿ ಹಿಡಿದ ಟಂಕಗಳಲ್ಲೆಲ್ಲ ಅಚ್ಚು ಹಾಕಿದ ಊರಿನ ಹೆಸರು ತುಂಡು. ಇದರಲ್ಲಿ ಸುತ್ತಲೂ ಇಡಿಯಾಗಿದೆ. ಮುಹಮ್ಮದಾಬಾದ್ — ನಮ್ಮ ಬೀದರ. ಐನೂರು ವರ್ಷದ ಹಿಂದೆ ಯಾರದೋ ಸುತ್ತಿಗೆ ಒಂದು ಸಲ ನಟ್ಟನಡುವೆ ಬಿದ್ದಿದೆ. ಆ ಒಂದು ಸಲ ನನ್ನ ಅಂಗೈಯಲ್ಲಿ.

ತೂಕ ಸರಿ, ನಾದ ಸರಿ,
ಎದೆಬಡಿತ ಮಾತ್ರ ಗಾಬರಿ.

"ಏನ್ ಅಳಿಯಂದ್ರೆ, ಬಾಯಿ ಕಟ್ಟಿತೇನು?" ಅತ್ತೆ ನಕ್ಕರು. "ಖೋಟಾ ಇದ್ರ ಖೋಟಾ ಅನ್ರಿ. ಕೂಸಿನ ಕೊರಳಿಗಿ ಸುಳ್ಳ ಹಾಕಂಗಿಲ್ಲ ನಾ. ಖೋಟಾ ಆದ್ರ ನೀವೇ ಒಯ್ರಿ, ನಿಮ್ಮ ಡಬ್ಬ್ಯಾಗ ಇಟ್ಕೋರಿ."

ಇನ್ನೊಮ್ಮೆ ನೋಡಿ ಹೇಳುತ್ತೇನೆ ಅಂದೆ. ನೋಡುವುದೇನೂ ಉಳಿದಿರಲಿಲ್ಲ.

18 ನವೆಂಬರ್

ಒಂದೇ ಪದ. ಖೋಟಾ. ಅಷ್ಟು ಅಂದರೆ ಸಾಕು, ಟಂಕ ಉಳಿಯುತ್ತದೆ. ನನ್ನಲ್ಲೇ ಉಳಿಯುತ್ತದೆ.

21 ನವೆಂಬರ್, ವಲಾಂಡಿಯಿಂದ ಬಂದು

ಖೋಟಾ ಅಂದು ತಂದರೆ ನನ್ನ ಡಬ್ಬಿಯಲ್ಲೂ ಅದು ಖೋಟಾ ಆಗಿಯೇ ಇರಬೇಕು. ಯಾರಿಗೂ ತೋರಿಸುವ ಹಾಗಿಲ್ಲ, ಹೆಸರು ಹಿಡಿದು ಕರೆಯುವ ಹಾಗಿಲ್ಲ. ಬೇಡ.

ಅತ್ತೆಗೆ ಎಲ್ಲ ಹೇಳಿದೆ. ಅಂಚಿನ ಮೇಲೆ ಬೆರಳಿಟ್ಟು ಓದಿದೆ. ಹೀಗೆ ಇಡಿಯಾಗಿ ಉಳಿದದ್ದನ್ನು ನಾನಂತೂ ಕಂಡಿಲ್ಲ, ಕರಗಿಸಬೇಡಿ, ಬದಲಿಗೆ ಬೇಕಾದಷ್ಟು ಬೆಳ್ಳಿ ಕೊಡುತ್ತೇನೆ ಅಂದೆ. ಅವರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೊನೆಯವರೆಗೂ ಕೇಳಿದರು.

"ಅಷ್ಟ್ ಹಳೇದಾ?"

"ಹೌದು ಅತ್ತಿ."

"ಅಷ್ಟ್ ಮಂದಿ ಕೈ ಮುಟ್ಯಾದಾ?"

"ಹೌದ್ರಿ."

"ಹಂಗಾರ ಕೂಸಿಗಿ ಬರೋಬರ್ ಆತು."

ಕಲ್ಯಾಣಪ್ಪ ನನ್ನ ಮುಖ ನೋಡಿದ. "ಅವ್ವಾ, ಮಾವಗ ಕೊಟ್ಟು—"

"ಕೊಟ್ರ ಏನ್ ಮಾಡ್ತಾರ? ಗಾಜಿನ ಹಿಂದ ಇಡ್ತಾರ. ಇದು ದಿನಾ ಎದಿ ಮ್ಯಾಲ ಇರ್ತದ." ನನ್ನ ಕಡೆ ತಿರುಗಿದರು. "ತಪ್ಪ ತಿಳೀಬ್ಯಾಡ್ರಿ."

ಲೆನ್ಸ್ ಮಡಚಿ ಜೇಬಿಗಿಟ್ಟೆ. ಇವತ್ತು ಪ್ರಾಸ ಹೊಳೆಯಲಿಲ್ಲ.

ಅರದ ವಿಷಯ ಮಾತ್ರ ಕೇಳಿದೆ. "ಅರ ಕದೀತದ. ಪುಡಿ ಸೋನಾರನ ಅಂಗಡ್ಯಾಗ ಉಳೀತದ. ಬೆಂಕಿ ಏನೂ ಇಟ್ಕೊಳ್ಳಂಗಿಲ್ಲ," ಅಂದರು.

ನನ್ನ ದಾರ, ಲೋಟ, ಲೆನ್ಸ್ ಎಲ್ಲ ಸೇರಿ ಅದರ ಹಣೆಬರಹ ಬರೆದವು.

23 ನವೆಂಬರ್, ಶನಿವಾರ, ಉದಗೀರ

ಹೋಗಬಾರದೆಂದಿದ್ದೆ. ಹೋದೆ. ತ್ರಿವೇಣಿಯೂ ಬಂದಳು.

ಸೋನಾರ ದತ್ತಾತ್ರಿ ಮೂಸೆಯನ್ನು ಕೆಂಡದಲ್ಲಿಟ್ಟು ಕೈ ಚಾಚಿದ. ಅತ್ತೆ ಟಂಕವನ್ನು ಅವನಿಗೆ ಕೊಡಲಿಲ್ಲ. ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

"ಇಷ್ಟ್ ದಿನ ಪೂಜಿ ಮಾಡಿದ್ವಿ, ಯಾರಂತ ಗೊತ್ತಿರಲಿಲ್ಲ. ಗುರ್ತ ಹಿಡದವ್ರು ನೀವ. ನೀವೇ ಹಾಕ್ರಿ."

ಹಾಗಾಗುವುದಿಲ್ಲ ಅನ್ನಲು ಬಾಯಿ ತೆರೆದೆ. ಅತ್ತೆಯ ಕೈ ಇನ್ನೂ ನನ್ನ ಮಣಿಕಟ್ಟಿನ ಕೆಳಗೇ ಇತ್ತು, ಮಗುವಿಗೆ ಅಕ್ಷರ ತಿದ್ದಿಸುವವರ ಹಾಗೆ.

ಹಾಕಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಕರಿ ಸುಟ್ಟು ಹೋಯಿತು. ವಿಭೂತಿ ಹೋಯಿತು, ಎಣ್ಣೆ ಹೋಯಿತು. ಬೆಳ್ಳಿ ಕೆಂಪಾಯಿತು, ಕರಗಲಿಲ್ಲ. ಆ ಕೆಂಪಿನ ಮೇಲೆ ಬರಹ ಎದ್ದು ನಿಂತಿತು, ಇಡಿಯಾಗಿ, ಸುತ್ತಲೂ, ಈಗಷ್ಟೇ ಸುತ್ತಿಗೆ ಬಿದ್ದ ಹಾಗೆ. ಲೆನ್ಸ್ ಬೇಕಾಗಲಿಲ್ಲ. ಅತ್ತೆಯೂ ಬಗ್ಗಿದರು. "ಎಲ್ಲಿಂದ ಸುರು ಆಗ್ತದ, ಓದ್ರಿ," ಅಂದರು. ಓದಿದೆ, ಜೋರಾಗಿ, ಮೊದಲ ಅಕ್ಷರದಿಂದ. ಊರಿನ ಹೆಸರಿಗೆ ಬರುವಷ್ಟರಲ್ಲಿ ಅಂಚು ಕರಗಿತು.